ಸೂರ್ಯನ ಜ್ವಾಲೆಗೆ ಐದು ಸಾಕ್ಷಿ

ನಮಸ್ಕಾರ. 1859ರ ಸೆಪ್ಟೆಂಬರ್ 1. ಇಂಗ್ಲೆಂಡಿನಲ್ಲಿ ರಿಚರ್ಡ್ ಕ್ಯಾರಿಂಗ್ಟನ್ ಎಂಬುವರು ಸೂರ್ಯನ ಕಲೆಗಳ ಚಿತ್ರ ಬರೆಯುತ್ತಾ ಕೂತಿದ್ದರು. ಇದ್ದಕ್ಕಿದ್ದಂತೆ ಕಲೆಗಳ ಹತ್ತಿರ ಎರಡು ಕಡೆ ಬಿಳಿ ಬೆಳಕು ಹೊತ್ತಿಕೊಂಡಿತು. ಗಡಿಯಾರ ನೋಡಿ ಟೈಮ್ ಬರೆದುಕೊಂಡರು. ಆಮೇಲೆ ಸಾಕ್ಷಿಗೆ ಯಾರಾದರೂ ಸಿಗಲಿ ಅಂತ ಓಡಿದರು. ಒಂದೇ ನಿಮಿಷದಲ್ಲಿ ವಾಪಸ್ ಬಂದರೆ ಬೆಳಕು ಆಗಲೇ ಮಂಕಾಗಿತ್ತು! ಪುಣ್ಯಕ್ಕೆ, ಅದೇ ಹೊತ್ತಿಗೆ ಬೇರೆ ಕಡೆ ರಿಚರ್ಡ್ ಹಾಡ್ಜ್‌ಸನ್ ಕೂಡ ಅದನ್ನೇ ನೋಡಿದ್ದರು. ಇಲ್ಲದಿದ್ದರೆ ಯಾರು ನಂಬುತ್ತಿದ್ದರು?

ಸೌರಜ್ವಾಲೆಯನ್ನು ಮನುಷ್ಯ ಮೊದಲ ಸಲ ದಾಖಲಿಸಿದ ದಿನ ಅದು. ಅವತ್ತಿನ ತಾಪತ್ರಯ ಇವತ್ತಿಗೂ ತಪ್ಪಿಲ್ಲ. ಜ್ವಾಲೆ ಹೇಳಿ ಬರುವುದಿಲ್ಲ, ಬಂದಮೇಲೆ ಸಾಕ್ಷಿ ಹುಡುಕುವಷ್ಟು ಪುರುಸೊತ್ತೂ ಕೊಡುವುದಿಲ್ಲ.

ಒಬ್ಬ ಸಾಕ್ಷಿ ಯಾಕೆ ಸಾಲದು? ಮದುವೆ ಮನೆಯ ಖರ್ಚು ನೆನಪಿಸಿಕೊಳ್ಳಿ. ಚಪ್ಪರದವರಿಗೆ ದುಡ್ಡು ಕೊಟ್ಟಿದ್ದು ಸೋದರಮಾವ. ಅಡುಗೆಯವರಿಗೆ ಚಿಕ್ಕಪ್ಪ. ಹೂವಿನವರಿಗೆ ಅತ್ತೆ ತಮ್ಮ ಪರ್ಸಿನಿಂದಲೇ ಕೊಟ್ಟುಬಿಟ್ಟರು. ಒಬ್ಬರನ್ನೇ ಕೇಳಿದರೆ ಒಟ್ಟು ಲೆಕ್ಕ ಸಿಗುತ್ತದಾ? ಜ್ವಾಲೆಯದ್ದೂ ಅದೇ ಕತೆ. ಸೂರ್ಯನ ಕಾಂತಕ್ಷೇತ್ರದಲ್ಲಿ ಬಿಗಿಯಾಗಿ ತಿರುಚಿಕೊಂಡಿದ್ದ ಶಕ್ತಿ ಒಮ್ಮೆಲೇ ಬಿಡುಗಡೆಯಾಗುತ್ತದೆ. ಒಂದಷ್ಟು ಎಲೆಕ್ಟ್ರಾನ್‌ಗಳಿಗೆ ವೇಗ ಕೊಡುತ್ತದೆ, ಅದು ಎಕ್ಸ್‌ರೇಯಲ್ಲಿ ಕಾಣುತ್ತದೆ. ಒಂದಷ್ಟು ಕೆಳಗಿನ ಪದರವನ್ನು ಕಾಯಿಸುತ್ತದೆ, ಅದು ಅತಿನೇರಳೆಯಲ್ಲಿ, ಮಾಮೂಲಿ ಬೆಳಕಿನಲ್ಲಿ ಕಾಣುತ್ತದೆ. ಇನ್ನೊಂದಷ್ಟು ಬಿಸಿ ಅನಿಲವನ್ನು ಬಾಹ್ಯಾಕಾಶಕ್ಕೆ ಎಸೆಯುತ್ತದೆ. ಹೀಗೆ ಎಲ್ಲರ ಪರ್ಸೂ ಬೇರೆ ಬೇರೆ.

ಮೊತ್ತವೋ, ತಲೆ ತಿರುಗುವಂಥದ್ದು. ದೊಡ್ಡ ಜ್ವಾಲೆಯ ಶಕ್ತಿ ಅಂದರೆ 1ರ ಮುಂದೆ 25 ಸೊನ್ನೆ, ಅಷ್ಟು ಜೂಲ್. ಇವತ್ತಿನ ಲೆಕ್ಕದಲ್ಲಿ ಇಡೀ ಜಗತ್ತು 10,000 ವರ್ಷಕ್ಕೂ ಜಾಸ್ತಿ ಕಾಲ ಬಳಸುವಷ್ಟು. ತಮಾಷೆ ಅಂದರೆ, ಸೂರ್ಯನಿಗೆ ಇದು ಚಿಲ್ಲರೆ. ಒಂದು ಸೆಕೆಂಡನ್ನು 40 ಪಾಲು ಮಾಡಿದರೆ, ಅದರಲ್ಲಿ ಒಂದು ಪಾಲಿನಷ್ಟು ಹೊತ್ತು ಸುಮ್ನೆ ಹೊಳೆದರೂ ಅವನು ಅಷ್ಟು ಚೆಲ್ಲಿರುತ್ತಾನೆ. ಹಾಗಾಗಿ ಸೂರ್ಯನ ಒಟ್ಟು ಬೆಳಕನ್ನು ಅಳೆದು ಜ್ವಾಲೆಯ ಪಾಲು ಹುಡುಕುವುದು ಬಲು ಕಷ್ಟ. 2003ರ ಅಕ್ಟೋಬರ್ 28ರ ಭಾರೀ ಜ್ವಾಲೆಯಲ್ಲಿ ಅದು ಮೊದಲ ಸಲ ಸಿಕ್ಕಿತು. ಆಗಲೂ ಏರಿದ್ದು ಶೇಕಡಾ 0.03ಕ್ಕಿಂತ ಕಡಿಮೆ.

ಈಗ 2014ರ ಮಾರ್ಚ್ 29ಕ್ಕೆ ಬರೋಣ. ಶನಿವಾರ. ನಮ್ಮಲ್ಲಿ ರಾತ್ರಿ 11 ಗಂಟೆ 18 ನಿಮಿಷ, ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಇನ್ನೂ ಮಧ್ಯಾಹ್ನವಾಗಿಲ್ಲ. ಸೂರ್ಯನ ಮೇಲೆ ಎಕ್ಸ್ ದರ್ಜೆಯ, ಅಂದರೆ ಅತಿ ಜೋರಿನ ಗುಂಪಿಗೆ ಸೇರಿದ ಜ್ವಾಲೆಯೊಂದು ತುತ್ತತುದಿಗೆ ಮುಟ್ಟಿತು. ಆ ಹೊತ್ತಿಗೆ ಐದು ಟೆಲಿಸ್ಕೋಪ್‌ಗಳು ಅದನ್ನು ನೋಡುತ್ತಿದ್ದವು. ಬಾಹ್ಯಾಕಾಶದಲ್ಲಿ ಐರಿಸ್, ಹಿನೋಡೆ, ರೆಸ್ಸಿ, ಎಸ್‌ಡಿಒ. ನೆಲದ ಮೇಲೆ ಡನ್ ಸೌರ ದೂರದರ್ಶಕ. ಈ ಡನ್ ಇರುವ ಊರಿನ ಹೆಸರೇ ಸನ್‌ಸ್ಪಾಟ್, ಅಂದರೆ ಸೂರ್ಯನ ಕಲೆ! ಗೋಪುರ ನೆಲದ ಮೇಲೆ ಇರುವುದಕ್ಕಿಂತ ನೆಲದ ಕೆಳಗೇ ಜಾಸ್ತಿ ಇದೆ. ಲೂಸಿಯಾ ಕ್ಲೈಂಟ್ ಎಂಬ ವಿಜ್ಞಾನಿಯ ಮುಂದಾಳತ್ವದಲ್ಲಿ ಈ ವೀಕ್ಷಣೆ ನಡೆಯಿತು.

ಎಸ್‌ಡಿಒ, ರೆಸ್ಸಿ ಎರಡೂ ಇಡೀ ಸೂರ್ಯನನ್ನೇ ನೋಡುವಂಥವು. ರೆಸ್ಸಿ ಆಗಾಗ ಭೂಮಿಯ ನೆರಳಿಗೆ ಹೋಗುತ್ತಿತ್ತು, ಆದರೂ ಅವತ್ತು ಬೆಳಕಿನಲ್ಲಿತ್ತು. ಮಿಕ್ಕ ಮೂರರದ್ದು ಹಾಗಲ್ಲ. ಐರಿಸ್ ಒಂದು ಸಲಕ್ಕೆ ನೋಡುವುದು ಸೂರ್ಯನ ಮುಖದ ನೂರರಲ್ಲಿ ಒಂದು ಪಾಲು ಮಾತ್ರ. ಯಾವ ಪಾಲು ಅಂತ ಕಡೇಪಕ್ಷ ಒಂದು ದಿನ ಮೊದಲೇ ತೀರ್ಮಾನಿಸಬೇಕು. ಆ ಮೂರೂ ತಂಡಗಳು ಮೊದಲೇ ಮಾತಾಡಿಕೊಂಡು ಒಂದೇ ಕಲೆಗುಂಪಿಗೆ ಗುರಿ ಇಟ್ಟಿದ್ದವು. ಜ್ವಾಲೆ ಅಲ್ಲೇ ಬಂತು.

ನಮ್ಮ ಅದೃಷ್ಟ ಅಂತ ಆ ತಂಡದವರೇ ಅಂದರು. ನಾನು ಒಪ್ಪುವುದು ಅರ್ಧ ಮಾತ್ರ. ಜ್ವಾಲೆ ಬಂದಿದ್ದು ಅದೃಷ್ಟ, ಸರಿ. ಆದರೆ ಅದೃಷ್ಟ ಬಂದಾಗ ಐದು ಜನ ಮನೆಯಲ್ಲಿದ್ದರಲ್ಲ, ಅದು ಕೆಲಸ. ಸಪ್ಪೆ ಕೆಲಸ. ಅವರಿಗೆ ಬರೆಯಬೇಕು, ಇವರನ್ನು ಒಪ್ಪಿಸಬೇಕು. ಒಬ್ಬೊಬ್ಬರೂ ತಮ್ಮ ಸ್ವಂತ ಪ್ರಯೋಗ ಪಕ್ಕಕ್ಕಿಟ್ಟು ಬೇರೆಯವರು ಹೇಳಿದ ಜಾಗ ನೋಡಬೇಕು. ಎಷ್ಟೋ ದಿನ ಅಲ್ಲಿ ಏನೂ ಆಗುವುದಿಲ್ಲ, ಪಕ್ಕದ ಕಲೆಯಲ್ಲಿ ಸಿಡಿಯುತ್ತದೆ. ಆ ದಿನಗಳ ಬಗ್ಗೆ ಪ್ರಬಂಧ ಯಾರೂ ಬರೆಯುವುದಿಲ್ಲ. ರಾಕೆಟ್ ಹಾರಿದರೆ ಚಪ್ಪಾಳೆ ಹೊಡೆಯುತ್ತೇವೆ. ಈ ಹೊಂದಾಣಿಕೆ ಮಾಡಿದವರಿಗೆ?

ಎಲ್ಲ ಟೆಲಿಸ್ಕೋಪೂ ಇಡೀ ಸೂರ್ಯನನ್ನೇ ನೋಡಿದರೆ ಆಯ್ತಲ್ಲ ಅನ್ನಬಹುದು. ಆದರೆ ಅಷ್ಟು ಅಗಲ ನೋಡಲು ಹೋದರೆ ಸೂಕ್ಷ್ಮ ವಿವರ ಕೈತಪ್ಪುತ್ತದೆ. ಎರಡೂ ಬೇಕು.

ಇದು ನಮಗೂ ಹತ್ತಿರದ ವಿಷಯ. ಸೂರ್ಯನನ್ನು ನೋಡಲೆಂದೇ ಭಾರತ ಕಳಿಸಿದ ನೌಕೆ ಆದಿತ್ಯ ಎಲ್1 ಈಗ ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿದೆ. ಅದರ ಎಕ್ಸ್‌ರೇ ಉಪಕರಣಗಳಾದ ಸೋಲೆಕ್ಸ್ ಮತ್ತು ಹೀಲಿಯೋಸ್ ತಯಾರಾಗಿದ್ದು ಬೆಂಗಳೂರಿನಲ್ಲಿ. ಜ್ವಾಲೆ ಯಾವ ಕ್ಷಣ ಹೊತ್ತಿತು, ಎಷ್ಟು ಜೋರು ಅಂತ ಅವು ಹೇಳುತ್ತವೆ. ಆದರೆ ಅವು ಚಿತ್ರ ತೆಗೆಯುವುದಿಲ್ಲ. ಸೂರ್ಯನ ಮೇಲೆ ಯಾವ ಜಾಗದಲ್ಲಿ ಅಂತ ಹೇಳಲು ಅದೇ ನೌಕೆಯ ಸೂಟ್ ಟೆಲಿಸ್ಕೋಪ್ ಬೇಕು. 2024ರ ಫೆಬ್ರವರಿ 22ರ ದೊಡ್ಡ ಜ್ವಾಲೆಯನ್ನು ಅದು ಹಿಡಿದಿತ್ತು. ಇನ್ನು ಗೌರಿಬಿದನೂರಿನ ರೇಡಿಯೋ ಟೆಲಿಸ್ಕೋಪ್ ಸೂರ್ಯನ ಕರೋನಾವನ್ನು, ಅಂದರೆ ಹೊರಗಿನ ವಾತಾವರಣವನ್ನು, ರೇಡಿಯೋ ಅಲೆಗಳಲ್ಲಿ ನೋಡುತ್ತದೆ. ಕೊಡೈಕನಾಲ್‌ನ ಸೌರ ವೀಕ್ಷಣಾಲಯ ಅಂತೂ ನೂರು ವರ್ಷಕ್ಕಿಂತ ಹಳೆಯದು. ನ್ಯೂ ಮೆಕ್ಸಿಕೊದಲ್ಲಿ ರಾತ್ರಿ ಇರುವಾಗ ಇವೆರಡಕ್ಕೂ ಹಗಲು.

ಹಾಗಾಗಿ ಆದಿತ್ಯದ ಸುದ್ದಿ ಬಂದಾಗೆಲ್ಲ ನಾನು ಮೊದಲು ಹುಡುಕುವುದು ಚಿತ್ರವನ್ನಲ್ಲ. ಅದೇ ನಿಮಿಷದಲ್ಲಿ ಅದೇ ಕಲೆಯನ್ನು ಇನ್ನು ಯಾರ್ಯಾರು ನೋಡುತ್ತಿದ್ದರು ಅನ್ನುವ ಪಟ್ಟಿಯನ್ನು. ನೀವೂ ಮುಂದಿನ ಸಲ ಅದನ್ನೇ ಹುಡುಕಿ, ಎಷ್ಟು ಹೆಸರು ಸಿಕ್ಕಿತು ಅಂತ ನನಗೆ ಬರೆಯಿರಿ.