ಬರಿಯ ಹಾಳೆ ನಿಮ್ಮ ಎದುರಾಳಿಯಲ್ಲ

ಕೇಳುಗರಿಗೆ ನಮಸ್ಕಾರ. ಪೇಟೆಂಟ್ ಪರೀಕ್ಷಕನಾಗಿ ಬಹಳ ವರ್ಷ ಬ್ಯಾಟರಿಯ ಅರ್ಜಿಗಳನ್ನು ಓದಿದವನು ನಾನು. ಇವತ್ತಿನ ಮಾತು ಬ್ಯಾಟರಿಯೊಳಗಿನ ಒಂದು ತೆಳು ಪೊರೆಯ ಬಗ್ಗೆ. ಹೊತ್ತು ಮೀರಿದ ಮೇಲೂ ಪ್ರಯೋಗಾಲಯದ ಮೂಲೆಯಲ್ಲಿ ರೇಡಿಯೊ ಹಚ್ಚಿಕೊಂಡು ಕೆಲಸ ಮಾಡುತ್ತಿರುವ ಯುವ ಸಂಶೋಧಕರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತನಾಡುತ್ತೇನೆ. ಉಳಿದವರೂ ಕೇಳಬಹುದು, ಕಷ್ಟವೇನಿಲ್ಲ.

ಬ್ಯಾಟರಿಯಲ್ಲಿ ಧನಾಗ್ರ ಒಂದು ಕಡೆ, ಋಣಾಗ್ರ ಇನ್ನೊಂದು ಕಡೆ. ಎರಡೂ ಒಂದಕ್ಕೊಂದು ತಗುಲಿದರೆ ಶಾರ್ಟ್ ಸರ್ಕ್ಯೂಟ್, ಆಮೇಲೆ ಬೆಂಕಿ. ತಗುಲದಂತೆ ನಡುವೆ ನಿಲ್ಲುವುದು ಸೆಪರೇಟರ್ ಎಂಬ ಪೊರೆ. ಲಿಥಿಯಂ ಬ್ಯಾಟರಿಗಳಲ್ಲಿ ಇದು ಸಾಮಾನ್ಯವಾಗಿ ಪಾಲಿಎಥಿಲೀನ್ ಅಥವಾ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಹಾಳೆ. ದಪ್ಪ 10ರಿಂದ 25 ಮೈಕ್ರೊಮೀಟರ್, ತಲೆಗೂದಲಿಗಿಂತ ತೆಳು. ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳು. ಅಯಾನುಗಳು, ಅಂದರೆ ವಿದ್ಯುತ್ ಆವೇಶ ಹೊತ್ತ ಪರಮಾಣುಗಳು, ಅವುಗಳ ಮೂಲಕ ದಾಟಬೇಕು, ಎಲೆಕ್ಟ್ರಾನುಗಳು ದಾಟಬಾರದು.

ಈ ಹಾಳೆಗೆ ಒಂದು ದುರ್ಗುಣವಿದೆ. ಬ್ಯಾಟರಿಯೊಳಗೆ ಅಯಾನುಗಳು ಓಡಾಡುವ ದ್ರವ ಇದಕ್ಕೆ ಸರಿಯಾಗಿ ಅಂಟುವುದಿಲ್ಲ, ಎಣ್ಣೆ ಸವರಿದ ಮೈಮೇಲಿನ ನೀರಿನಂತೆ ಜಾರುತ್ತದೆ. ಅದಕ್ಕಾಗಿ ರಸಾಯನಶಾಸ್ತ್ರಜ್ಞರು ಹಾಳೆಯ ಪಾಲಿಮರ್ ಸರಪಳಿಗೆ ಬೇರೆ ಪರಮಾಣುಗಳ ಗೊಂಚಲುಗಳನ್ನು ಕಸಿ ಮಾಡುತ್ತಾರೆ. ಅವೇ ಕ್ರಿಯಾ ಗುಂಪುಗಳು. ಕಾರ್ಬಾಕ್ಸಿಲ್, ಸಲ್ಫೋನೇಟ್, ಅಮೈನ್, ಹೀಗೆ. ಕಸಿಯಾದ ಹಾಳೆ ದ್ರವವನ್ನು ಹೀರಿಕೊಳ್ಳುತ್ತದೆ. ಸಂಶೋಧಕರು ಕುಣಿದಾಡಿ ಪೇಟೆಂಟ್ ಅರ್ಜಿ ಬರೆಯುತ್ತಾರೆ. ನನ್ನ ತಲೆನೋವು ಅಲ್ಲಿಂದ ಶುರು.

ಪರೀಕ್ಷಕ ಮುಖ್ಯವಾಗಿ ಎರಡು ಪ್ರಶ್ನೆ ಕೇಳುತ್ತಾನೆ. ಇದು ಹೊಸದೇ? ಹೊಸದಾದರೆ, ಈ ವಿದ್ಯೆ ಬಲ್ಲ ಯಾರಿಗಾದರೂ ಸಹಜವಾಗಿ ಹೊಳೆಯುತ್ತಿತ್ತೇ? ಎರಡನೆಯ ಪ್ರಶ್ನೆಯಲ್ಲೇ ಹೆಚ್ಚಿನವರು ಮುಗ್ಗರಿಸುತ್ತಾರೆ. ಕಾರಣ ಒಂದೇ. ಅವರು ತಮ್ಮ ಹಾಳೆಯನ್ನು ಕಸಿಯೇ ಇಲ್ಲದ ಬರಿಯ ಹಾಳೆಯ ಜೊತೆ ಹೋಲಿಸುತ್ತಾರೆ. ಸ್ವಾಮಿ, ಬರಿಯ ಹಾಳೆಯನ್ನು ಯಾರು ಬೇಕಾದರೂ ಸೋಲಿಸಬಹುದು! ನಿಮಗಿಂತ ಮೊದಲು ಪ್ರಕಟವಾದವುಗಳಲ್ಲಿ ನಿಮ್ಮದಕ್ಕೆ ಅತಿ ಹತ್ತಿರವಾದದ್ದು ಯಾವುದೋ, ಅದರ ಜೊತೆ ಹೋಲಿಸಿ. ಆ ಹೋಲಿಕೆಯನ್ನು ಅರ್ಜಿ ಹಾಕುವ ದಿನವೇ ಅರ್ಜಿಯೊಳಗೆ ಬರೆಯಿರಿ. ಇಷ್ಟನ್ನು ಹೇಳುವುದಕ್ಕೇ ನಾನು ಬಂದಿರುವುದು.

ಒಂದು ಪ್ರಕರಣ ಹೇಳುತ್ತೇನೆ. ಹೆಸರು ಬೇಡ. ಒಬ್ಬ ಯುವ ವಿಜ್ಞಾನಿಯ ಅರ್ಜಿ ನನ್ನ ಮೇಜಿಗೆ ಬಂತು. ಯಾವುದರ ಮೇಲೆ ಹಕ್ಕು ಬೇಕೆಂದು ಅರ್ಜಿಯಲ್ಲಿ ಬರೆಯುವ ವಾಕ್ಯಕ್ಕೆ ಕ್ಲೇಮು ಎನ್ನುತ್ತಾರೆ. ಅವರ ಮೊದಲ ಕ್ಲೇಮು ಏನು ಗೊತ್ತೇ? ‘ಕ್ರಿಯಾ ಗುಂಪು ಹೊಂದಿರುವ ಪಾಲಿಮರ್ ಸೆಪರೇಟರ್.’ ಮುಗಿಯಿತು, ಅಷ್ಟೇ. ಆಕಾಶಕ್ಕೇ ಬೇಲಿ ಹಾಕಿದ್ದರು. ಪಾಲಿಎಥಿಲೀನ್ ಹಾಳೆಗೆ ವಿಕಿರಣ ಹಾಯಿಸಿ ಮೆಥಾಕ್ರಿಲಿಕ್ ಆಮ್ಲವನ್ನು ಕಸಿ ಮಾಡಿದ ಸೆಪರೇಟರ್‌ಗಳು ಕೈಗಡಿಯಾರದ ಬಟನ್ ಸೆಲ್‌ಗಳಲ್ಲಿ ದಶಕಗಳ ಹಿಂದೆಯೇ ಬಳಕೆಯಲ್ಲಿದ್ದವು. ಒಂದು ಬೆಳಗಿನ ಹುಡುಕಾಟಕ್ಕೆ ಆ ಕ್ಲೇಮು ಬಿದ್ದುಹೋಯಿತು.

ಅವರು ಕ್ಲೇಮನ್ನು ಸಲ್ಫೋನೇಟ್ ಗುಂಪಿಗೆ ಮಾತ್ರ ಇಳಿಸಿದರು. ಒಳ್ಳೆಯದು. ಆದರೆ ಲಿಥಿಯಂ ಬ್ಯಾಟರಿಗೇ ಕಾರ್ಬಾಕ್ಸಿಲ್ ಕಸಿ ಮಾಡಿದ ಹಾಳೆಯ ಹಳೆಯ ದಾಖಲೆ ನನ್ನ ಕೈಯಲ್ಲಿತ್ತು. ಒಂದು ಆಮ್ಲ ಗುಂಪಿನ ಬದಲು ಇನ್ನೊಂದು. ದ್ರವ ಚೆನ್ನಾಗಿ ಅಂಟಲಿ ಎಂಬುದೇ ಗುರಿಯಾದರೆ ಯಾವ ರಸಾಯನಶಾಸ್ತ್ರಜ್ಞನೂ ಇದನ್ನು ಪ್ರಯತ್ನಿಸಿ ನೋಡುತ್ತಾನೆ. ನಿಮ್ಮದು ಅದಕ್ಕಿಂತ ಯಾವುದರಲ್ಲಿ ಮೇಲು ಎಂದು ಕೇಳಿ ಬರೆದೆ. ಅರ್ಜಿಯಲ್ಲಿ ಇದ್ದದ್ದು ಬರಿಯ ಹಾಳೆಯೊಂದಿಗಿನ ಹೋಲಿಕೆ ಮಾತ್ರ.

ವಿಚಾರಣೆಯ ದಿನ ಅವರು ಚೀಲದಿಂದ ಒಂದು ಫೋಟೊ ತೆಗೆದು ಮೇಜಿನ ಮೇಲಿಟ್ಟರು. ಇಂಗ್ಲಿಷಿನ ಎಚ್ ಅಕ್ಷರದ ಆಕಾರದ ಎರಡು ಗಾಜಿನ ಪಾತ್ರೆಗಳು. ಎರಡರಲ್ಲೂ ಎಡಗಂಬದಲ್ಲಿ ಕಡುಕಂದು ದ್ರವ, ಬಲಗಂಬದಲ್ಲಿ ತಿಳಿ ದ್ರವ, ನಡುವಿನ ಅಡ್ಡಗೊಳವೆಯಲ್ಲಿ ಪೊರೆ. ಕಂದು ಬಣ್ಣ ಪಾಲಿಸಲ್ಫೈಡ್ ಎಂಬ ಗಂಧಕದ ಸಂಯುಕ್ತದ್ದು. ಲಿಥಿಯಂ–ಗಂಧಕದ ಬ್ಯಾಟರಿಯಲ್ಲಿ ಈ ಪಾಲಿಸಲ್ಫೈಡ್ ಪೊರೆ ದಾಟಿ ಆಚೆ ಹೋಗುತ್ತಾ ಬ್ಯಾಟರಿಯ ಆಯುಸ್ಸನ್ನು ತಿನ್ನುತ್ತದೆ. ಕಾರ್ಬಾಕ್ಸಿಲ್ ಪೊರೆಯಿದ್ದ ಪಾತ್ರೆಯಲ್ಲಿ ಒಂದು ದಿನದೊಳಗೆ ಬಲಗಂಬ ಹಳದಿಗೆ ತಿರುಗಿತ್ತು. ಸಲ್ಫೋನೇಟ್ ಪೊರೆಯಿದ್ದ ಪಾತ್ರೆಯಲ್ಲಿ ಅದು ತಿಳಿಯಾಗಿಯೇ ಉಳಿದಿತ್ತು! ಸಲ್ಫೋನೇಟಿನ ಋಣ ಆವೇಶ ಪಾಲಿಸಲ್ಫೈಡ್‌ನ ಋಣ ಆವೇಶವನ್ನು ಹಿಂದಕ್ಕೆ ತಳ್ಳುತ್ತಿತ್ತು, ಲಿಥಿಯಂ ಅಯಾನಿಗೆ ಮಾತ್ರ ದಾರಿ ಬಿಡುತ್ತಿತ್ತು. ನಾನು ಕುರ್ಚಿಯಿಂದ ಅರ್ಧ ಎದ್ದುಬಿಟ್ಟಿದ್ದೆ. ಎಂಥ ಚೆಂದದ ಪ್ರಯೋಗ!

ಆದರೆ ಆ ಪ್ರಯೋಗ ನಡೆದದ್ದು ನನ್ನ ಆಕ್ಷೇಪಣೆ ಅವರ ಕೈ ಸೇರಿದ ಮೇಲೆ. ಅರ್ಜಿಯ ಯಾವ ಪುಟದಲ್ಲೂ ಪಾಲಿಸಲ್ಫೈಡ್ ಎಂಬ ಪದವಿಲ್ಲ, ಗಂಧಕದ ಬ್ಯಾಟರಿಯ ಸುಳಿವಿಲ್ಲ. ಸಲ್ಲಿಸಿದ ಅರ್ಜಿಗೆ ಹೊಸ ವಿಷಯ ಸೇರಿಸುವಂತಿಲ್ಲ. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು. ಹೊಸ ಅರ್ಜಿ ಹಾಕೋಣವೆಂದರೆ, 18 ತಿಂಗಳಿಗೆ ಪ್ರಕಟವಾಗಿದ್ದ ಅವರದೇ ಹಳೆಯ ಅರ್ಜಿ ಅಡ್ಡ ನಿಂತಿತ್ತು. ಸಲ್ಫೋನೇಟ್ ಹಾಳೆಯನ್ನು ಜಗತ್ತಿಗೆ ತೋರಿಸಿಬಿಟ್ಟವರು ಅವರೇ ತಾನೇ. ತಿರಸ್ಕಾರದ ಆದೇಶ ಬರೆದವನು ನಾನು. ಬರೆಯುವಾಗ ಸಂತೋಷವೇನೂ ಆಗಲಿಲ್ಲ.

ಅವರು ಮಾಡಬೇಕಿದ್ದದ್ದು ಇನ್ನೆರಡು ವಾರದ ಕೆಲಸ. ಅರ್ಜಿಗೆ ಮೊದಲು ಹಳೆಯ ದಾಖಲೆಗಳನ್ನು ಹುಡುಕುವುದು. ಪೇಟೆಂಟ್ ವರ್ಗೀಕರಣದಲ್ಲಿ ಸೆಪರೇಟರ್‌ನ ವಸ್ತುವಿಗೆಂದೇ ಎಚ್01ಎಂ 50/409 ಎಂಬ ಸಂಖ್ಯೆಯಿದೆ, ಅಲ್ಲಿಂದ ಹೊರಟರೆ ಸಾಕು. ಸಿಕ್ಕ ಕಾರ್ಬಾಕ್ಸಿಲ್ ಹಾಳೆಯನ್ನು ತಾವೇ ತಯಾರಿಸಿ, ತಮ್ಮದರ ಪಕ್ಕದಲ್ಲಿಟ್ಟು ಅಳೆಯುವುದು. ಅಳೆದದ್ದನ್ನು ಅರ್ಜಿಯಲ್ಲಿ ಬರೆಯುವುದು. ಬರಿಯ ಹಾಳೆಯೊಂದಿಗಲ್ಲ, ಹತ್ತಿರದ್ದರೊಂದಿಗೆ. ಆಮೇಲಲ್ಲ, ಮೊದಲ ದಿನವೇ.

ಹೇಳಬೇಕೆಂದು ಬರೆದುಕೊಂಡಿದ್ದ ಉಳಿದ ಮೂರು ವಿಷಯಗಳಿಗೆ ಈಗ ಒಂದು ನಿಮಿಷ ಮಾತ್ರ ಇದೆ. ಒಂದು ಗುಂಪನ್ನು ಕಸಿ ಮಾಡಿ ನೂರು ಗುಂಪುಗಳ ಮೇಲೆ ಹಕ್ಕು ಕೇಳಬೇಡಿ, ನಾಲ್ಕೈದನ್ನಾದರೂ ಮಾಡಿ ತೋರಿಸಿ. ಗಾಳಿ ಹಾಯುವ ವೇಗವನ್ನೋ ರಂಧ್ರದ ಗಾತ್ರವನ್ನೋ ಬರೆದರೆ ಅಳೆದ ವಿಧಾನವನ್ನೂ ಬರೆಯಿರಿ. ವಿಧಾನ ಬದಲಾದರೆ ಅಂಕಿಯೂ ಬದಲಾಗುತ್ತದೆ, ಆಗ ನಿಮ್ಮ ಕ್ಲೇಮಿನ ಗಡಿ ಎಲ್ಲಿದೆ ಎಂದು ನನಗೆ ಹೇಗೆ ತಿಳಿಯಬೇಕು? ಮೂರನೆಯದು ಪ್ರಬಂಧ. ಅರ್ಜಿಗೆ ಮೊದಲೇ ಅದನ್ನು ಸಮ್ಮೇಳನದಲ್ಲಿ ಓದಿಬಿಟ್ಟರೆ ಹೊಸತನ ಅಲ್ಲೇ ಹೋಯಿತು. ಕೆಲವು ದೇಶಗಳಲ್ಲಿ ಒಂದಿಷ್ಟು ತಿಂಗಳ ವಿನಾಯಿತಿ ಉಂಟು, ಅದನ್ನು ನಂಬಿ ಕೂರಬೇಡಿ.

ಈಗ ಪ್ರಯೋಗಾಲಯದಲ್ಲಿರುವವರು ನಿಮ್ಮ ಕರಡು ಅರ್ಜಿಯ ಕೋಷ್ಟಕವನ್ನು ಒಮ್ಮೆ ತೆರೆದು ನೋಡಿ. ಹೋಲಿಕೆಯ ಸಾಲಿನಲ್ಲಿ ಬರಿಯ ಹಾಳೆ ಒಂದೇ ಇದ್ದರೆ, ನಾಳೆ ಬೆಳಿಗ್ಗೆ ಇನ್ನೊಂದು ಹಾಳೆಗೆ ಕಸಿ ಮಾಡಲು ಶುರುಮಾಡಿ. ನಮಸ್ಕಾರ.