ಕರೆಯ ಜೊತೆ ಜಾಗವೂ ಬರಬೇಕು

ಎಲ್ಲರಿಗೂ ನಮಸ್ಕಾರ. ರಸ್ತೆ ಸುರಕ್ಷತಾ ಮಾಸ ಅಂತ ಪ್ರೀತಿಯಿಂದ ಮೂಡಿಗೆರೆಗೆ ಕರೆಸಿದ್ದೀರಿ. ಹೆಲ್ಮೆಟ್, ಸೀಟ್ ಬೆಲ್ಟ್, ಕುಡಿದು ಗಾಡಿ ಓಡಿಸೋದು, ಇದನ್ನೆಲ್ಲ ನನಗಿಂತ ಮೊದಲು ಮಾತಾಡಿದವರು ಚೆನ್ನಾಗಿ ಹೇಳಿದ್ದಾರೆ. ನಾನು ಅದರ ಮುಂದಿನ ಮಾತಿಗೆ ಬರುತ್ತೇನೆ. ಅಪಘಾತ ಆಗಿಹೋಗಿದೆ. ಯಾರೋ ಪುಣ್ಯಾತ್ಮರು ನಿಂತು 112 ಒತ್ತಿದ್ದಾರೆ. ಕರೆ ಸಿಕ್ಕಿದೆ. ಆಮೇಲೆ?

"ಎಲ್ಲಿದ್ದೀರಿ?" ಅಂತ ಕೇಳುತ್ತಾರೆ. ನಾನು ವರ್ಷಗಟ್ಟಲೆ ತಲೆಗೆ ಹೆಡ್‌ಸೆಟ್ ಹಾಕಿಕೊಂಡು ಇದೇ ಪ್ರಶ್ನೆ ಕೇಳಿದವನು. ಆಮೇಲೆ ಹೊಸ ಹುಡುಗ ಹುಡುಗಿಯರಿಗೆ ಅದನ್ನೇ ಕೇಳೋದು ಹೇಗೆ ಅಂತ ಹೇಳಿಕೊಟ್ಟವನು. ಇವತ್ತು ನಿಮ್ಮ ಮುಂದೆ ಹೇಳೋಕೆ ಬಂದಿರೋದು ಒಂದೇ ಮಾತು. ಆ ಪ್ರಶ್ನೆ ಕೇಳುವ ಅಗತ್ಯವೇ ಇರಬಾರದು. ಕರೆಯ ಜೊತೆ ಜಾಗವೂ ತಾನಾಗಿ ಬರಬೇಕು. ಇದು ಕನಸೇನಲ್ಲ. ಎಷ್ಟೋ ದೇಶಗಳಲ್ಲಿ ಬರುತ್ತಿದೆ.

ಯಾಕೆ ಅಂದರೆ, ಭಯದಲ್ಲಿರುವವರಿಗೆ ವಿಳಾಸ ಹೇಳೋಕೆ ಬರೋದಿಲ್ಲ. ನಮ್ಮ ಜನ ಆರಾಮಾಗಿರುವಾಗಲೇ ಹೇಗೆ ಹೇಳ್ತಾರೆ ನೋಡಿ. "ಸರ್, ಗಣಪತಿ ದೇವಸ್ಥಾನದ ಎದುರು ಬನ್ನಿ." ಯಾವ ಊರಲ್ಲಿ ಗಣಪತಿ ದೇವಸ್ಥಾನ ಇಲ್ಲ ಹೇಳಿ? ನಗ್ತಿದ್ದೀರಿ, ಅಂದರೆ ನೀವೂ ಹೀಗೆ ಹೇಳಿದ್ದೀರಿ. ಬೆಂಗಳೂರಲ್ಲಿ ಇನ್ನೂ ಮಜಾ. ಹತ್ತನೇ ಕ್ರಾಸ್ ಅಂತಾರೆ. ಯಾವ ಬಡಾವಣೆಯ ಹತ್ತನೇ ಕ್ರಾಸು? ಇನ್ನು ಘಾಟಿಯಲ್ಲಿ ಬಸ್ಸು ಚರಂಡಿಗಿಳಿದರೆ ಪ್ರಯಾಣಿಕರಿಗೆ ಊರಿನ ಹೆಸರೇ ಗೊತ್ತಿರೋದಿಲ್ಲ. ಎಲ್ಲರೂ ನಿದ್ದೆಯಲ್ಲಿ ಇದ್ದವರು. ಚಾರ್ಮಾಡಿನೋ ಶಿರಾಡಿನೋ ಅಂತ ಪಕ್ಕದವರನ್ನು ಕೇಳ್ತಾರೆ, ಅವರಿಗೂ ಗೊತ್ತಿಲ್ಲ.

ಎಲ್ಲ ಕಡೆ ನನ್ನನ್ನು ಕೇಳುವ ಪ್ರಶ್ನೆ ಒಂದಿದೆ. ಇಲ್ಲೂ ಯಾರಾದರೂ ಕೇಳಿಯೇ ಕೇಳ್ತೀರಿ. "ಊಟ ತರುವ ಹುಡುಗ ಮನೆ ಬಾಗಿಲಿಗೇ ಬರ್ತಾನೆ, ಆಂಬುಲೆನ್ಸ್‌ಗೆ ಯಾಕೆ ದಾರಿ ಗೊತ್ತಾಗಲ್ಲ?" ತುಂಬಾ ನ್ಯಾಯವಾದ ಪ್ರಶ್ನೆ. ಊಟದ ಆ್ಯಪ್ ಇಂಟರ್ನೆಟ್ ಮೇಲೆ ಓಡುತ್ತದೆ. ಲೊಕೇಶನ್ ನೋಡಬಹುದು ಅಂತ ನೀವೇ ಅನುಮತಿ ಕೊಟ್ಟಿರುತ್ತೀರಿ. ಅದು ಜಿಪಿಎಸ್ ಅಂಕಿಗಳನ್ನು ಎತ್ತಿ ಕಳಿಸುತ್ತದೆ. 112ಕ್ಕೆ ನೀವು ಮಾಡೋದು ಸಾದಾ ಕರೆ. ಅದರಲ್ಲಿ ಧ್ವನಿ ಹೋಗುತ್ತದೆ, ನಿಮ್ಮ ನಂಬರ್ ಹೋಗುತ್ತದೆ. ಅದೇ ಫೋನಿನೊಳಗೆ ಜಿಪಿಎಸ್ ಇದೆ. ಆದರೆ ಕರೆಗೂ ಅದಕ್ಕೂ ಸಂಬಂಧವೇ ಇರೋದಿಲ್ಲ, ಯಾರಾದರೂ ಸಂಬಂಧ ಜೋಡಿಸದಿದ್ದರೆ.

ಹಾಗಾದರೆ ಕಂಟ್ರೋಲ್ ರೂಮಿನ ಪರದೆ ಮೇಲೆ ಏನು ಕಾಣುತ್ತದೆ? ಒಂದು, ಸಿಮ್ ತಗೊಂಡಾಗ ಕೊಟ್ಟ ವಿಳಾಸ. ವಿಜಯಪುರ ಜಿಲ್ಲೆಯ ಇಂಡಿಯಲ್ಲಿ ಸಿಮ್ ತಗೊಂಡವನು ಇವತ್ತು ಯಲಹಂಕದಲ್ಲಿ ಇರ್ತಾನೆ. ಆ ವಿಳಾಸದಿಂದ ಏನು ಪ್ರಯೋಜನ? ಇನ್ನೊಂದು, ಮೊಬೈಲ್ ಕಂಪನಿ ಕೊಡುವ ಟವರ್ ಮಾಹಿತಿ. ಒಂದು ಟವರ್ ಮೇಲೆ ಸಾಮಾನ್ಯವಾಗಿ ಮೂರು ದಿಕ್ಕಿಗೆ ಆಂಟೆನಾ ಇರುತ್ತವೆ, ಒಂದೊಂದರ ಪಾಲಿಗೆ 120 ಡಿಗ್ರಿ. ನೀವು ಯಾವ ದಿಕ್ಕಿನಲ್ಲಿದ್ದೀರಿ ಅಂತ ಗೊತ್ತಾಗುತ್ತದೆ. ಸಿಗ್ನಲ್ ಹೋಗಿ ಬರೋಕೆ ಹಿಡಿದ ಸಮಯದಿಂದ ದೂರವನ್ನೂ ಲೆಕ್ಕ ಹಾಕಬಹುದು. ಆದರೆ 2ಜಿಯಲ್ಲಿ ಆ ಅಳತೆಗೋಲಿನ ಒಂದು ಗೆರೆಯೇ ಸುಮಾರು 550 ಮೀಟರ್! ಒಂದು ಟವರ್ 35 ಕಿಲೋಮೀಟರ್‌ವರೆಗೂ ಕರೆ ಹಿಡಿಯಬಲ್ಲದು. ಹಲಸಿನ ಹಣ್ಣಿನ ವಾಸನೆ ಬಂತು ಅಂತ ತೋಟಕ್ಕೆ ನುಗ್ಗಿದರೆ ಯಾವ ಮರ ಅಂತ ಗೊತ್ತಾಗುತ್ತಾ? ಹಾಗೇ ಇದು.

ನಮ್ಮ ಮಲೆನಾಡಿನಲ್ಲಿ ಇನ್ನೂ ಕಷ್ಟ. ಫೋನು ಹತ್ತಿರದ ಟವರನ್ನೇ ಹಿಡಿಯಬೇಕು ಅಂತೇನಿಲ್ಲ. ಯಾವುದರ ಸಿಗ್ನಲ್ ಜೋರಾಗಿದೆಯೋ ಅದನ್ನು ಹಿಡಿಯುತ್ತದೆ. ಹತ್ತಿರದ ಟವರ್ ಗುಡ್ಡದ ಮರೆಗೆ ಹೋಗಿರುತ್ತದೆ. ಕಣಿವೆಯಾಚೆಯದು ನೇರವಾಗಿ ಕಾಣುತ್ತಿರುತ್ತದೆ.

ಇದಕ್ಕೆ ಒಂದು ಕರೆಯ ವಿಷಯ ಹೇಳಲೇಬೇಕು. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ಮೆಣಸು ಕುಯ್ಯುವ ಕಾಲ. ಮಧ್ಯಾಹ್ನ ಕಳೆದಿತ್ತು. ಒಬ್ಬ ಹುಡುಗ ಕರೆ ಮಾಡಿದ. ಅಸ್ಸಾಮಿನಿಂದ ಕೂಲಿಗೆ ಬಂದವನು. ಮುರುಕು ಹಿಂದಿ. ಅವನ ಜೊತೆಯವನು ಸಿಲ್ವರ್ ಮರಕ್ಕೆ ಒರಗಿಸಿದ ಏಣಿಯಿಂದ ಬಿದ್ದಿದ್ದಾನೆ. ತೊಡೆ ಮುರಿದಿದೆ, ರಕ್ತ ನಿಲ್ಲುತ್ತಿಲ್ಲ. ಎಲ್ಲಿದ್ದೀಯಪ್ಪಾ ಅಂದೆ. "ಬಾಗಾನ್ ಮೇ" ಅಂದ. ಯಾವ ತೋಟ? "ಮಾಲಿಕ್ ಕಾ." ಮಾಲೀಕರ ಹೆಸರು? ಅವನಿಗೆ ಗೊತ್ತಿರೋದು ಸಾಹುಕಾರ್ರು ಅಂತ ಮಾತ್ರ. ತೋಟದ ಲೆಕ್ಕ ನೋಡುವ ರೈಟರು ಎಲ್ಲಿ? ಸಂತೆಗೆ ಹೋಗಿದ್ದಾರೆ. ಸಿಮ್ಮಿನ ವಿಳಾಸ ನೋಡಿದರೆ ಅಸ್ಸಾಮಿನ ಹಳ್ಳಿ. ಟವರ್ ತೋರಿಸಿದ ದಿಕ್ಕಿನಲ್ಲಿ ಕಾಫಿ ತೋಟ ಬಿಟ್ಟರೆ ಕಾಫಿ ತೋಟ. ಒಂದು ಗಾಡಿಯನ್ನು ಅಂದಾಜಿನ ಮೇಲೆ ಹೊರಡಿಸಿಬಿಟ್ಟೆವು.

ಮತ್ತೆ ಕೇಳಿದೆ, ಸುತ್ತ ಏನು ಕಾಣುತ್ತೆ? ಮರ. ಮರ ಬಿಟ್ಟು? ಲೈನ್ ಮನೆ. ಕೂಲಿಯವರಿಗೆ ಸಾಲಾಗಿ ಕಟ್ಟಿದ ಲೈನ್ ಮನೆ ಎಲ್ಲ ತೋಟದಲ್ಲೂ ಇರುತ್ತೆ. ಆ ಹುಡುಗ ಅಳೋಕೆ ಶುರು ಮಾಡಿದ. ನನ್ನ ಪಕ್ಕದಲ್ಲಿ ಕೂತಿದ್ದ ಹುಡುಗಿ, ಕೆಲಸಕ್ಕೆ ಸೇರಿ ಸ್ವಲ್ಪವೇ ದಿನ ಆಗಿತ್ತು, ಒಂದು ಚೀಟಿ ಬರೆದು ನನ್ನ ಮುಂದೆ ತಳ್ಳಿದಳು. "ಕರೆಂಟ್ ಎಲ್ಲಿಂದ ಬರುತ್ತೆ ಕೇಳಿ." ಕೇಳಿದೆ. ಲೈನ್ ಮನೆಯ ಹಿಂದೆ ಎರಡು ಕಂಬ, ಅದರ ಮೇಲೆ ದೊಡ್ಡ ಡಬ್ಬ ಇದೆ ಅಂದ. ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್! ಅದರ ಮೇಲೆ ಏನಾದರೂ ಬರೆದಿದೆಯಾ? ಬಳ್ಳಿ ಹಬ್ಬಿದೆ ಅಂದ. ಬಳ್ಳಿ ಮುಟ್ಟಬೇಡ, ದೂರ ನಿಂತೇ ನೋಡು ಅಂದೆ. ಅವನು ಒಂದೊಂದೇ ಅಂಕಿ ಓದಿದ. ನಡುವಿನ ಒಂದು ಅಂಕಿ ಅಳಿಸಿಹೋಗಿತ್ತು. ಆ ಭಾಗದ ಲೈನ್‌ಮನ್‌ಗೆ ಫೋನ್ ಹಚ್ಚಿದೆವು. ಆ ಮಹಾನುಭಾವ ಪುಸ್ತಕ ನೋಡಲಿಲ್ಲ, ಕಂಪ್ಯೂಟರ್ ನೋಡಲಿಲ್ಲ. ಉಳಿದ ಅಂಕಿಗಳನ್ನು ಕೇಳಿದವನೇ ತೋಟದ ಹೆಸರು ಹೇಳಿ, ಗೇಟಿಗೆ ಯಾವ ದಾರಿ, ಯಾವ ಮೋರಿ ದಾಟಿ ತಿರುಗಬೇಕು ಅಂತಲೂ ಹೇಳಿದ. ಗಾಡಿ ಅಷ್ಟರಲ್ಲಿ ಎದುರಿನ ಗುಡ್ಡಕ್ಕೆ ಹೋಗಿತ್ತು. ಅಲ್ಲಿಂದ ಇಳಿದು, ಹಳ್ಳ ಸುತ್ತಿ ಬರಬೇಕಾಯಿತು. ಬಿದ್ದವನು ಬದುಕಿಕೊಂಡ.

ಈ ಕತೆ ಹೇಳಿದಾಗೆಲ್ಲ ಜನ ಲೈನ್‌ಮನ್‌ಗೆ ಚಪ್ಪಾಳೆ ತಟ್ಟುತ್ತಾರೆ. ತಟ್ಟಬೇಕಾದ್ದೇ. ಆದರೆ ಒಂದು ಯೋಚನೆ ಮಾಡಿ. ಆ ಹುಡುಗನ ಕೈಯಲ್ಲಿದ್ದದ್ದು ಸ್ಮಾರ್ಟ್‌ಫೋನು. ಅದಕ್ಕೆ ತಾನು ಎಲ್ಲಿದ್ದೇನೆ ಅಂತ ಕಂಡುಕೊಳ್ಳುವ ಶಕ್ತಿ ಇತ್ತು. ನಮಗೆ ಹೇಳೋಕೆ ದಾರಿ ಇರಲಿಲ್ಲ. ಕರೆಯ ಜೊತೆ ಜಾಗವೂ ಬಂದಿದ್ದರೆ?

ಲ್ಯಾಂಡ್‌ಲೈನ್ ಕಾಲದಲ್ಲಿ ಈ ತೊಂದರೆ ಇಷ್ಟಿರಲಿಲ್ಲ, ಅಲ್ವಾ? ತಂತಿ ಒಂದು ಮನೆಗೆ ಹೋಗಿರುತ್ತಿತ್ತು, ಆ ಮನೆಯ ವಿಳಾಸ ಎಕ್ಸ್‌ಚೇಂಜಿನಲ್ಲಿ ಇರುತ್ತಿತ್ತು. ಲಂಡನ್ನಿನಲ್ಲಿ 1937ರಲ್ಲಿ 999 ಶುರುವಾದದ್ದು, ಅಮೆರಿಕದಲ್ಲಿ 1968ರಲ್ಲಿ 911 ಶುರುವಾದದ್ದು ಇಂಥ ತಂತಿ ಫೋನುಗಳ ಮೇಲೆ. ಮೊಬೈಲ್ ಬಂದಾಗ ಕರೆ ಮಾಡೋದು ಸುಲಭ ಆಯಿತು, ಹುಡುಕೋದು ಕಷ್ಟ ಆಯಿತು. ಕರೆ ಮಾಡಿದವರು ಎಲ್ಲಿದ್ದಾರೆ ಅಂತ ಮೊಬೈಲ್ ಕಂಪನಿಗಳೇ ತಿಳಿಸಬೇಕು ಅಂತ ಅಮೆರಿಕ 1996ರಲ್ಲೇ ನಿಯಮ ಮಾಡಿತು. ಅಲ್ಲಿನ ದೂರಸಂಪರ್ಕ ಆಯೋಗ ಎಫ್‌ಸಿಸಿ 2014ರಲ್ಲಿ ಒಂದು ಅಂದಾಜು ಕೊಟ್ಟಿತು: ನೆರವು ತಲುಪುವ ಸಮಯ ಒಂದು ನಿಮಿಷ ಕಡಿಮೆಯಾದರೆ ವರ್ಷಕ್ಕೆ 10,000ಕ್ಕಿಂತ ಹೆಚ್ಚು ಜೀವ ಉಳಿಯುತ್ತವೆ. ಒಂದೇ ಒಂದು ನಿಮಿಷ. ನಾವು ಗಣಪತಿ ದೇವಸ್ಥಾನ ಯಾವುದು ಅಂತ ಬಗೆಹರಿಸೋಕೇ ಅದಕ್ಕಿಂತ ಜಾಸ್ತಿ ಹೊತ್ತು ತಗೋತೀವಿ.

ಫೋನಿನ ಜಿಪಿಎಸ್ಸನ್ನು ಕರೆಗೆ ಜೋಡಿಸುವ ಕೆಲಸ ಮೊದಲು ಆದದ್ದು ಬ್ರಿಟನ್ನಿನಲ್ಲಿ, 2014ರಲ್ಲಿ. ಅದರ ಹೆಸರು ಎಎಂಎಲ್, ಅಂದರೆ ಅಡ್ವಾನ್ಸ್ಡ್ ಮೊಬೈಲ್ ಲೊಕೇಶನ್. ಕೆಲಸ ತುಂಬಾ ಸರಳ. ನೀವು ತುರ್ತು ನಂಬರ್ ಒತ್ತಿದ್ದನ್ನು ಫೋನೇ ಗಮನಿಸುತ್ತದೆ. ಲೊಕೇಶನ್ ಆಫ್ ಇದ್ದರೂ ತಾನೇ ಆನ್ ಮಾಡಿಕೊಳ್ಳುತ್ತದೆ. ಜಿಪಿಎಸ್, ಸುತ್ತಲಿನ ವೈಫೈ, ಟವರ್, ಏನು ಸಿಗುತ್ತೋ ಎಲ್ಲ ಸೇರಿಸಿ ಸುಮಾರು ಇಪ್ಪತ್ತು ಸೆಕೆಂಡಿನಲ್ಲಿ ಜಾಗ ಲೆಕ್ಕ ಹಾಕುತ್ತದೆ. ನೀವು ಮಾತಾಡುತ್ತಿರುವಾಗಲೇ ಹಿಂದಿನಿಂದ ಒಂದು ಎಸ್ಸೆಮ್ಮೆಸ್ ಕಂಟ್ರೋಲ್ ರೂಮಿಗೆ ಹೋಗುತ್ತದೆ. ಆಮೇಲೆ ಲೊಕೇಶನ್ ಮೊದಲಿನಂತೆ ಆಫ್. ನೀವು ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ಬಟನ್ ಹುಡುಕಬೇಕಿಲ್ಲ. ಗೂಗಲ್ ಇದನ್ನೇ ಆ್ಯಂಡ್ರಾಯ್ಡಿಗೆ ಇಎಲ್‌ಎಸ್ (ಎಮರ್ಜೆನ್ಸಿ ಲೊಕೇಶನ್ ಸರ್ವಿಸ್) ಅಂತ 2016ರಲ್ಲಿ ತಂದಿತು. ಮೊದಲು ಬ್ರಿಟನ್ ಮತ್ತು ಎಸ್ಟೋನಿಯಾ. ಆ್ಯಪಲ್ 2018ರಲ್ಲಿ ಸೇರಿಕೊಂಡಿತು. 2022ರ ಮಾರ್ಚಿನಿಂದ ಯುರೋಪಿಯನ್ ಒಕ್ಕೂಟದಲ್ಲಿ ಮಾರುವ ಸ್ಮಾರ್ಟ್‌ಫೋನಿಗೆಲ್ಲ ಈ ಸಾಮರ್ಥ್ಯ ಇರಲೇಬೇಕು.

ಇಲ್ಲಿ ಒಂದು ವಿಷಯ ಗಮನಿಸಿ. ಫೋನಿನೊಳಗಿನ ಕೆಲಸ ಬಹುಪಾಲು ಆಗಿಯೇ ಇದೆ. ನಿಮ್ಮ ಜೇಬಿನಲ್ಲಿರುವ ಆ್ಯಂಡ್ರಾಯ್ಡ್‌ನಲ್ಲೂ ಅದು ಕೂತಿದೆ. ಬಾಕಿ ಇರೋದು ಆಯಾ ರಾಜ್ಯದ ಕಂಟ್ರೋಲ್ ರೂಮು ಅದನ್ನು ಬರಮಾಡಿಕೊಳ್ಳುವ ವ್ಯವಸ್ಥೆ. ನಮ್ಮ ದೇಶದಲ್ಲಿ ಉತ್ತರ ಪ್ರದೇಶದ 112ರಲ್ಲಿ ಇದು 2025ರ ಡಿಸೆಂಬರ್‌ನಲ್ಲಿ ಶುರುವಾಯಿತು. ಒಂದು ರಾಜ್ಯಕ್ಕೆ ಸಾಧ್ಯವಾದದ್ದು ಎಲ್ಲ ರಾಜ್ಯಕ್ಕೂ ಸಾಧ್ಯ. ನಾನು ಊರೂರಿಗೆ ಹೋಗಿ ಇದನ್ನೇ ಹೇಳ್ತಿದ್ದೀನಿ. ಕರೆಯ ಜೊತೆ ಜಾಗವೂ ಬರಬೇಕು. ನಿಮ್ಮ ಶಾಸಕರನ್ನು ರಸ್ತೆ ಕೇಳ್ತೀರಿ, ಸೇತುವೆ ಕೇಳ್ತೀರಿ. ಇದನ್ನೂ ಕೇಳಿ.

ನಮ್ಮಲ್ಲಿ ಏನೂ ಆಗಿಲ್ಲ ಅಂತ ನಾನು ಹೇಳೋದಿಲ್ಲ. 108 ಕರ್ನಾಟಕಕ್ಕೆ 2008ರ ನವೆಂಬರ್‌ನಲ್ಲಿ ಬಂತು, ಎಷ್ಟು ಮನೆಗಳ ದೀಪ ಉಳಿಸಿತು. ನಿರ್ಭಯಾ ನಿಧಿಯ ಹಣದಿಂದ ದೇಶಕ್ಕೆಲ್ಲ 112 ಬಂತು. 2018ರಲ್ಲಿ ಹಿಮಾಚಲ ಪ್ರದೇಶದಿಂದ ಶುರುವಾಯಿತು. 2017ರಿಂದ ಮಾರುವ ಫೋನುಗಳಿಗೆ ಪ್ಯಾನಿಕ್ ಬಟನ್, 2018ರಿಂದ ಜಿಪಿಎಸ್ ಕಡ್ಡಾಯ ಅಂತ ನಿಯಮವೂ ಆಯಿತು. ಕೀಪ್ಯಾಡ್ ಫೋನಿನಲ್ಲಿ 5 ಅಥವಾ 9 ಒತ್ತಿ ಹಿಡಿಯೋದು, ಸ್ಮಾರ್ಟ್‌ಫೋನಿನಲ್ಲಿ ಪವರ್ ಬಟನ್ ಬೇಗ ಬೇಗ ಮೂರು ಸಲ. ಈ ಸಭೆಯಲ್ಲಿ ಎಷ್ಟು ಜನರಿಗೆ ಇದು ಗೊತ್ತಿತ್ತು? ಕೈ ಎತ್ತಿ. ನೋಡಿ, ಇಷ್ಟೇ. ಇದು ನಿಮ್ಮ ತಪ್ಪಲ್ಲ. ಆಪತ್ತಿನಲ್ಲಿ ನೆನಪಿಗೆ ಬರೋದು ಕರೆ ಮಾಡೋದು ಒಂದೇ. ಅದಕ್ಕೇ ಜಾಗ ಕರೆಯ ಜೊತೆಗೇ ಬರಬೇಕು ಅನ್ನೋದು.

"ಸರ್ಕಾರಕ್ಕೆ ನಾವು ಎಲ್ಲಿದ್ದೀವಿ ಅಂತ ಯಾವಾಗಲೂ ಗೊತ್ತಾಗಿಬಿಡುತ್ತಲ್ಲ" ಅಂತ ಕೆಲವರು ಹೇಳ್ತಾರೆ. ಒಳ್ಳೆಯ ಪ್ರಶ್ನೆ, ತಳ್ಳಿಹಾಕಬಾರದು. ಈ ವ್ಯವಸ್ಥೆ ಎಚ್ಚರವಾಗೋದು ತುರ್ತು ನಂಬರ್ ಒತ್ತಿದಾಗ ಮಾತ್ರ. ಹೊರಗಿನಿಂದ ಯಾರೋ ಕೇಳಿದರೆ ಕೊಡೋದಿಲ್ಲ. ಆದರೆ ಬಂದ ಮಾಹಿತಿಯನ್ನು ಎಷ್ಟು ದಿನ ಇಟ್ಟುಕೊಳ್ಳಬೇಕು, ಯಾರು ನೋಡಬಹುದು ಅನ್ನೋದಕ್ಕೆ ಕಟ್ಟುನಿಟ್ಟಾದ ನಿಯಮ ಬೇಕು. ಇದೇ ದೊಡ್ಡ ಭಾಷಣದ ವಿಷಯ.

ಚೀಟಿ ಬಂತು. ಹತ್ತೇ ನಿಮಿಷ ಇದೆಯಂತೆ, ಪ್ರಶ್ನೆಗಳೂ ಸೇರಿ. ಬಹುಮಹಡಿ ಕಟ್ಟಡದಲ್ಲಿ ಯಾವ ಮಹಡಿ ಅಂತ ಹುಡುಕೋದರ ಬಗ್ಗೆ ಹೇಳಬೇಕಿತ್ತು, ಬಿಡ್ತೀನಿ. ಮೂಡಿಗೆರೆಗೆ ಅದು ಅರ್ಜೆಂಟಿಲ್ಲ. ಗಡಿಯ ತೊಂದರೆ ಒಂದೇ ಮಾತಿನಲ್ಲಿ: ತಲಪಾಡಿಯಲ್ಲಿ ನಿಂತು ಮಾಡಿದ ಕರೆ ಆಚೆಯ ಟವರ್ ಹಿಡಿದರೆ ಕೇರಳದ ಕಂಟ್ರೋಲ್ ರೂಮಿಗೆ ಹೋಗಬಹುದು. ಆಗ ಮೊದಲು ನಿಮ್ಮ ರಾಜ್ಯ ಹೇಳಿ.

ಇನ್ನು ನಾಳೆಯಿಂದಲೇ ಕೆಲಸಕ್ಕೆ ಬರುವ ಮಾತು. ಫೋನಿನಲ್ಲಿ "ಎಮರ್ಜೆನ್ಸಿ ಕಾಲ್ಸ್ ಓನ್ಲಿ" ಅಂತ ತೋರಿಸಿದರೆ ನಿಮ್ಮ ಕಂಪನಿಯ ಟವರ್ ಇಲ್ಲ, ಬೇರೆಯವರದು ಸಿಗುತ್ತಿದೆ ಅಂತ ಅರ್ಥ. 112 ಒತ್ತಿ. ಆಗ ಕರೆ ಕಟ್ ಮಾಡಬೇಡಿ, ವಾಪಸ್ ಮಾಡೋಕೆ ಅವರಿಗೆ ಆಗದೇ ಇರಬಹುದು. ಹೆದ್ದಾರಿಯಲ್ಲಿದ್ದರೆ ಕಿಲೋಮೀಟರ್ ಕಲ್ಲು ನೋಡಿ. ಹಳದಿ ತಲೆಯದು ರಾಷ್ಟ್ರೀಯ ಹೆದ್ದಾರಿ, ಹಸಿರು ರಾಜ್ಯ ಹೆದ್ದಾರಿ. ಬಣ್ಣ, ಊರು, ಅಂಕಿ ಹೇಳಿ. ನೆಟ್ ಇಲ್ಲದಿದ್ದರೂ ಜಿಪಿಎಸ್ ಕೆಲಸ ಮಾಡುತ್ತದೆ, ಬಯಲಿಗೆ ಬಂದು ಸ್ವಲ್ಪ ಕಾಯಬೇಕು ಅಷ್ಟೇ. ಮ್ಯಾಪಿನಲ್ಲಿ ನೀಲಿ ಚುಕ್ಕೆಯ ಮೇಲೆ ಒತ್ತಿ ಹಿಡಿದರೆ ಎರಡು ಅಂಕಿ ಬರುತ್ತವೆ. ನಮ್ಮ ಕಡೆ ಒಂದು 13ರಿಂದ, ಇನ್ನೊಂದು 75ರಿಂದ ಶುರುವಾಗುತ್ತೆ. ಪಾಯಿಂಟ್ ಆದಮೇಲೆ ನಾಲ್ಕು ಅಂಕಿ ಓದಿ ಹೇಳಿದರೆ ಸಾಕು, ಹತ್ತಾರು ಮೀಟರಿನೊಳಗೆ ನೀವು ಸಿಗ್ತೀರಿ.

ತೋಟದ ಮಾಲೀಕರು ತುಂಬಾ ಜನ ಬಂದಿದ್ದೀರಿ. ನಿಮ್ಮ ಲೈನ್ ಮನೆ ಗೋಡೆಯ ಮೇಲೆ ತೋಟದ ಹೆಸರು, ಹತ್ತಿರದ ಊರು, ಈ ಎರಡು ಅಂಕಿ, ರೈಟರ ಫೋನ್ ನಂಬರ್, ಇಷ್ಟನ್ನು ಹಿಂದಿಯಲ್ಲೂ ಕನ್ನಡದಲ್ಲೂ ದೊಡ್ಡದಾಗಿ ಬರೆಸಿ. ಒಂದು ಡಬ್ಬ ಬಣ್ಣದ ಖರ್ಚು. ಈ ವಾರವೇ ಬರೆಸಿ. ಮೆಣಸು ಕುಯ್ಯೋಕೆ ಏಣಿ ಹಾಕುವ ಮೊದಲು ಬರೆಸಿ.

ಹಿಂದಿನ ಸಾಲಿನಲ್ಲಿ ಆಂಬುಲೆನ್ಸ್ ಓಡಿಸುವ ಅಣ್ಣ ಆಗಿನಿಂದ ಕೈ ಎತ್ತಿದ್ದಾರೆ. ಮೈಕ್ ಮೊದಲು ಅವರಿಗೆ ಕೊಡಿ.