ಹುಲಿಗಿಂತ ಕಾಡೆಮ್ಮೆ ಕಷ್ಟ

ಕೇಳುಗರಿಗೆ ನಮಸ್ಕಾರ.

ತಾಳವಾಡಿ, ಹಾಸನೂರು ಕಡೆಯವರಿಗೆ ಕಾಡುಪ್ರಾಣಿ ಹೊಸದೇನಲ್ಲ. ರಾತ್ರಿ ಜೋಳದ ಹೊಲಕ್ಕೆ ಆನೆ ನುಗ್ಗಿದರೆ ಯಾರೂ ಕ್ಯಾಮರಾ ಹುಡುಕುವುದಿಲ್ಲ, ಪಟಾಕಿ ಹುಡುಕುತ್ತಾರೆ. ಆದರೂ ಈಗ ನಮ್ಮ ಹುಡುಗರು ಕ್ಯಾಮರಾ ಕೊಂಡು, ರಜೆ ಸಿಕ್ಕಿದರೆ ನೀಲಗಿರಿಯ ಮುದುಮಲೆ ಕಾಡಿಗೆ ಸಫಾರಿ ಹೊರಡುತ್ತಾರೆ. ಅವರಿಗೆ ನಾನು ಹೇಳುವುದು ಇಷ್ಟೇ. ಹುಲಿ ಹುಲಿ ಅಂತ ಕೂರಬೇಡಿ. ಮೊದಲು ಒಂದು ಕಾಡೆಮ್ಮೆಯ ಫೋಟೋ ಸರಿಯಾಗಿ ತೆಗೆಯಿರಿ.

ಸುಲಭ ಅನ್ನಿಸುತ್ತದೆ, ಅಲ್ವಾ? ದೊಡ್ಡ ಪ್ರಾಣಿ. ನಿಂತಲ್ಲೇ ನಿಂತು ವ್ಯಾನನ್ನೇ ನೋಡುತ್ತಿರುತ್ತದೆ. ಆದರೆ ಮನೆಗೆ ಬಂದು ನೋಡಿದರೆ ಹುಲ್ಲು ಬಿಳಿಚಿಕೊಂಡಿರುತ್ತದೆ, ಕಾಡೆಮ್ಮೆ ಬೂದು ಬಣ್ಣಕ್ಕೆ ತಿರುಗಿರುತ್ತದೆ. ಎದುರಿಗಿರುವುದು ಕಪ್ಪೋ ಬಿಳುಪೋ ಕ್ಯಾಮರಾಗೆ ತಿಳಿಯುವುದಿಲ್ಲ. ಎಲ್ಲವೂ ನಡುಮಟ್ಟದ ಬೂದು ಎಂದುಕೊಂಡೇ ಅದು ಬೆಳಕು ಅಳೆಯುತ್ತದೆ. ಚಿತ್ರದ ತುಂಬ ಕಪ್ಪು ಮೈ ಇದ್ದರೆ, ಬೆಳಕು ಸಾಲದು ಎಂದು ತಾನಾಗಿ ಜಾಸ್ತಿ ಬೆಳಕು ಬಿಟ್ಟುಕೊಳ್ಳುತ್ತದೆ. ಮೊದಲು ಹಾಳಾಗುವುದು ಕಾಲು. ಕಾಡೆಮ್ಮೆಗೆ ಮೊಣಕಾಲಿನ ಕೆಳಗೆ ಬಿಳಿ ಕಾಲುಚೀಲ ಹಾಕಿದ ಹಾಗೆ ಇರುತ್ತದಲ್ಲ, ಅಲ್ಲಿ ಒಂದು ಕೂದಲೂ ಕಾಣದೆ ಬರೀ ಬಿಳಿ ಪಟ್ಟಿ ಉಳಿಯುತ್ತದೆ.

ಕ್ಯಾಮರಾದಲ್ಲಿ ಪ್ಲಸ್, ಮೈನಸ್ ಗುರುತಿನ ಗುಂಡಿ ಇರುತ್ತದೆ. ಅದನ್ನು ಮೈನಸ್ ಕಡೆಗೆ ಅರ್ಧದಿಂದ ಒಂದು ಸ್ಟಾಪಿನವರೆಗೆ ಇಳಿಸಿ. ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧಕ್ಕೆ ಇಳಿಯುತ್ತದೆ. ಕರಡಿ ಸಿಕ್ಕರೂ ಹೀಗೇ ಮಾಡಿ. ನಮ್ಮ ಕಾಡಿನಲ್ಲಿ ಕಪ್ಪು ಪ್ರಾಣಿಗಳಿಗೆ ಕೊರತೆಯಿಲ್ಲ ನೋಡಿ.

ಇನ್ನು ಕಣ್ಣು. ಕಪ್ಪು ಮುಖ, ಅದರಲ್ಲಿ ಕಪ್ಪು ಕಣ್ಣು. ಫೋಕಸ್ ನಿಲ್ಲುವುದೇ ಇಲ್ಲ. ಫೋಕಸ್ ನಿಲ್ಲಲು ತಿಳಿ ಬಣ್ಣ, ಕಡು ಬಣ್ಣ ಸೇರುವ ಒಂದು ಅಂಚು ಬೇಕು. ಹಣೆಯ ಮೇಲಿನ ತಿಳಿ ಕೂದಲು ಮುಗಿದು ಕಪ್ಪು ಮುಖ ಶುರುವಾಗುತ್ತದಲ್ಲ, ಅಲ್ಲಿಗೆ ಒಂದೇ ಚುಕ್ಕಿಯ ಫೋಕಸ್ ಇಡಿ. ಚುಕ್ಕಿ ದೊಡ್ಡದಾದರೆ ಮುಂದಿರುವ ಲಂಟಾನ ಪೊದೆಯ ಕಡ್ಡಿ ಚೆನ್ನಾಗಿ ಬರುತ್ತದೆ, ಹಿಂದಿನ ಪ್ರಾಣಿ ಮಸುಕಾಗುತ್ತದೆ. ಮುದುಮಲೆಯಲ್ಲಾಗಲಿ ನಮ್ಮ ಸತ್ಯಮಂಗಲದಲ್ಲಾಗಲಿ ಲಂಟಾನ ಅಡ್ಡ ಬಾರದ ಫೋಟೋ ಅಪರೂಪ. ಆಮೇಲೆ ಸುಮ್ನೆ ಕಾಯಿರಿ. ಅದು ಮೇಯುವುದು ಬಿಟ್ಟು ತಲೆ ಎತ್ತಿ ಬೆಳಕಿನ ಕಡೆ ತಿರುಗಿದಾಗ ಕಣ್ಣಲ್ಲಿ ಚಿಕ್ಕ ಹೊಳಪು ಕಾಣುತ್ತದೆ. ಗುಂಡಿ ಒತ್ತಬೇಕಾದ್ದು ಆಗ.

ಡ್ರೈವರಿಗೆ 'ಅಣ್ಣಾ, ಸ್ವಲ್ಪ ಇಂಜಿನ್ ಆಫ್ ಮಾಡ್ತೀರಾ' ಎಂದು ಕೇಳಿ. ಅವರಿಗೆ ಕನ್ನಡ ಬಾರದಿದ್ದರೆ ತಮಿಳಿನಲ್ಲಿ ಕೇಳಿ, ನಮಗೇನು ತೊಂದರೆ? ಇಂಜಿನ್ ನಡುಗುತ್ತಿದ್ದರೆ ಲಕ್ಷ ರೂಪಾಯಿಯ ಲೆನ್ಸ್ ಇದ್ದೂ ಪ್ರಯೋಜನವಿಲ್ಲ. ವ್ಯಾನಿನೊಳಗೆ ಟ್ರೈಪಾಡ್ ಬೇಡ, ಪಕ್ಕದವರ ಬೈಗುಳ ತಿನ್ನಬೇಕಾಗುತ್ತದೆ. ಬಟ್ಟೆ ಚೀಲಕ್ಕೆ ರಾಗಿ ತುಂಬಿ, ಬಾಯಿ ಹೊಲಿದು, ಕಿಟಕಿಯ ಮೇಲಿಟ್ಟು ಲೆನ್ಸ್ ಊರಿ. ನಿಂತ ಪ್ರಾಣಿಗೆ ಶಟರ್ 500, ಅಂದರೆ ಸೆಕೆಂಡಿನ ಐನೂರನೇ ಒಂದು ಭಾಗ, ಸಾಕು, ಓಡುವ ಜಿಂಕೆಗೆ 1000 ದಾಟಲಿ. ಬೆಳಗಿನ ಮಬ್ಬಿನಲ್ಲಿ ಅದಕ್ಕಾಗಿ ಐಎಸ್ಒ, ಅಂದರೆ ಕ್ಯಾಮರಾ ಬೆಳಕು ಹಿಡಿಯುವ ಚುರುಕನ್ನು, 1600, 3200ಕ್ಕೆ ಏರಿಸಬೇಕಾಗುತ್ತದೆ. ಚಿತ್ರ ಸ್ವಲ್ಪ ತರಿತರಿಯಾಗಿ ಬರಲಿ ಬಿಡಿ, ಅಲುಗಾಡಿದ್ದಕ್ಕಿಂತ ವಾಸಿ. ಫ್ಲಾಶ್ ಮಾತ್ರ ಬೇಡವೇ ಬೇಡ.

ಬೆಳಗಿನ ಸಫಾರಿಗೆ ಹೋಗುವವರು ಹಿಂದಿನ ದಿನವೇ ಮುದುಮಲೆ ಪಕ್ಕದ ಮಸಿನಗುಡಿ ಸೇರಿಕೊಳ್ಳಿ. ದಾರಿಯಲ್ಲಿ ಸಿಗುವ ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ. ನೀಲಗಿರಿ ಜಿಲ್ಲೆಗೆ 2024ರಿಂದ ಆನ್‌ಲೈನಿನಲ್ಲಿ ಪಡೆಯುವ ಇ-ಪಾಸ್ ಬೇರೆ ಬಂದಿದೆ, ಹೊರಡುವ ಮುಂಚೆ ವಿಚಾರಿಸಿಕೊಳ್ಳಿ.

ಕೆಲವರಿಗೆ ಇದೆಲ್ಲ ರಗಳೆ. 'ಮುದುಮಲೆಗೆ ಯಾಕೆ, ದಿಂಬಂ ರಸ್ತೆಯಲ್ಲೇ ಆನೆ ಸಿಗುತ್ತದಲ್ಲ' ಅನ್ನುತ್ತಾರೆ. ಸಿಗುತ್ತದೆ ನಿಜ. ಕಾರಪಳ್ಳಂ ಚೆಕ್‌ಪೋಸ್ಟ್ ಹತ್ತಿರ ಕಬ್ಬಿನ ಲಾರಿಗಾಗಿ ಆನೆ ಕಾಯುವುದನ್ನು ನೀವೂ ನೋಡಿರುತ್ತೀರಿ. ಆದರೆ ಆ ಸತ್ಯಮಂಗಲದ ಕಾಡು 2013ರಿಂದ ಹುಲಿ ಸಂರಕ್ಷಿತ ಪ್ರದೇಶ. ಅಲ್ಲಿ ಗಾಡಿ ನಿಲ್ಲಿಸಿ ಇಳಿದು ಆನೆ ಜೊತೆ ಸೆಲ್ಫಿ ತೆಗೆದರೆ ಅರಣ್ಯ ಇಲಾಖೆ ದಂಡ ಹಾಕುತ್ತದೆ. ಹಾಕಲಿ, ನನಗೇನೂ ಬೇಜಾರಿಲ್ಲ. ಕಿವಿ ಬೀಸುತ್ತಾ ನಿಂತ ಆನೆಗೆ ಸದ್ಯಕ್ಕೆ ಸಿಟ್ಟಿಲ್ಲ. ಬೀಸುವುದು ನಿಲ್ಲಿಸಿ, ಕಿವಿ ಅಗಲಿಸಿ ಹಿಡಿದು, ಸೊಂಡಿಲು ಒಳಗೆ ಮಡಚಿತೋ, ಕ್ಯಾಮರಾ ಕೆಳಗಿಟ್ಟು ಗಾಡಿ ಹಿಂದಕ್ಕೆ ತೆಗೆಯಿರಿ. ಹಿಂದೆ ಲಾರಿ ನಿಂತಿದೆಯಾ ಅಂತ ಮೊದಲೇ ನೋಡಿಕೊಂಡಿರಿ.

ನಮಸ್ಕಾರ.